ಹೊನ್ನಾವರದ ಪೋರ್ಚುಗೀಸ್ ಕೋಟೆ: ಒಂದು ಐತಿಹಾಸಿಕ ವಿವೇಚನೆ

ಅಂಬುತೀರ್ಥದಲ್ಲಿ ಉದಯಿಸಿ, ಜೋಗದಲ್ಲಿ ಧುಮ್ಮಿಕ್ಕಿ, ಗೇರುಸೊಪ್ಪೆಯ ಬಳಿ ಘಟ್ಟವನ್ನಿಳಿದು ಶಾಂತಳಾಗುವ ಶರಾವತಿಯು ಹೊನ್ನಾವರದ ಸನಿಹದಲ್ಲಿ ಪಶ್ಚಿಮ ಸಮುದ್ರವನ್ನು ಸೇರುತ್ತಾಳೆ. ನದಿಯು ಇಲ್ಲಿ ಅಗಲವಾದ ಹಿನ್ನೀರಾಗಿ ಹರಡಿಕೊಂಡಿದೆ. ಉತ್ತರದ ಕಡೆಯಿಂದ ಬಡಗಣಿ ಹೊಳೆಯೂ ಬಂದು ಇದರೊಡನೆ ಕೂಡುತ್ತದೆ. ಅಳಿವೆಯ ಬಾಯಿಯಲ್ಲಿ ಮರಳಿನ ದಿಬ್ಬವಿರುವುದರಿಂದ ದೊಡ್ಡ ಹಡಗುಗಳಿಗೆ ಒಳಬರುವುದು ಕಷ್ಟ. ಆದರೆ ದಿಬ್ಬವನ್ನು ದಾಟಿ ಒಳಗೆ ಬಂದ ನಾವೆಗಳಿಗೆ ಅದೊಂದು ಸುರಕ್ಷಿತವಾದ ತಂಗುದಾಣ. ಈ ಹೊಳೆಗಳ ಸಂಗಮದ ಎತ್ತರದಲ್ಲಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಕೋಟೆಯೊಂದು ನಿಂತಿತು. ಒಂದು ಕಾಲಕ್ಕೆ ಗೋವೆಯ ರಾಜಪ್ರತಿನಿಧಿಗಳ, ಇಕ್ಕೇರಿಯ ಅರಸರ, ಶ್ರೀರಂಗಪಟ್ಟಣದ ಸುಲ್ತಾನರ ಹಾಗೂ ಮುಂಬಯಿಯ ಇಂಗ್ಲಿಷ್ ಕಂಪನಿಯ ಲೆಕ್ಕಾಚಾರಗಳಲ್ಲೆಲ್ಲ ಸ್ಥಾನ ಪಡೆದಿದ್ದ ಈ ಕೋಟೆ ಈಗ ಪಾಳುಬಿದ್ದ ಅವಶೇಷ ಮಾತ್ರ.

ಕರಾವಳಿಯ ಜನ ಪಾಳುಗೋಡೆಯೊಂದನ್ನು ಕಂಡರೆ 'ಇದು ಟಿಪ್ಪುವಿನ ಕೋಟೆ' ಎಂದೋ, 'ಇದು ಫರಂಗಿಯವರ ಕೋಟೆ' ಎಂದೋ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ಹೊನ್ನಾವರದ ವಿಷಯದಲ್ಲಿ ಈ ಎರಡು ಮಾತುಗಳೂ ಅರ್ಧಸತ್ಯಗಳು. ಇದನ್ನು ಕುಮಟೆಯ ಸಮೀಪದಲ್ಲಿ ಅಘನಾಶಿನಿಯ ಬದಿಯಲ್ಲಿರುವ ಮಿರ್ಜಾನ ಕೋಟೆಯೊಡನೆ ಅಥವಾ ಹೊನ್ನಾವರದೆದುರು ಸಮುದ್ರದಲ್ಲಿರುವ ಬಸವರಾಜದುರ್ಗವೆಂಬ ದ್ವೀಪದುರ್ಗದೊಡನೆ ಬೆರೆಸಿ ಹೇಳುವವರೂ ಇದ್ದಾರೆ. ಆದುದರಿಂದ ಈ ಕೋಟೆಯ ಚರಿತ್ರೆಯನ್ನು ಕಾಲಕ್ರಮದಲ್ಲಿ ಬಿಡಿಸಿ ನೋಡುವುದು ಅವಶ್ಯಕ. ಹಾಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗಿ ಗೋಚರಿಸುತ್ತದೆ. ಈ ಕೋಟೆಯನ್ನು ಫಿರಂಗಿಯ ಬಲದಿಂದ ಕೆಲವೇ ದಿನಗಳಲ್ಲಿ ಗೆದ್ದವರಿದ್ದಾರೆ. ಆದರೆ ಅದನ್ನು ಉಳಿಸಿಕೊಳ್ಳುವ ಪ್ರಶ್ನೆ ಬಂದಾಗಲೆಲ್ಲ ನಿರ್ಣಾಯಕವಾದದ್ದು ಗೋಡೆಯ ದಪ್ಪವಲ್ಲ, ಒಳಗಿದ್ದವರಿಗೆ ಅನ್ನ ಬರುತ್ತಿದ್ದ ದಾರಿ.

ಕೋಟೆಗೆ ಮುಂಚಿನ ಹೊನ್ನಾವರ

ಪೋರ್ಚುಗೀಸರು ಬರುವುದಕ್ಕೆ ಬಹು ಮೊದಲೇ ಹೊನ್ನಾವರವು ಪ್ರಸಿದ್ಧವಾದ ಬಂದರಾಗಿತ್ತು. ಹದಿನಾಲ್ಕನೆಯ ಶತಮಾನದ ಪೂರ್ವಾರ್ಧದಲ್ಲಿ ಇಲ್ಲಿಗೆ ಬಂದ ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತನು ಇದನ್ನು 'ಹಿನವರ್' ಎಂದು ಕರೆದಿದ್ದಾನೆ. ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ೧೩ ಹಾಗೂ ಗಂಡುಮಕ್ಕಳಿಗಾಗಿ ೨೩ ಶಾಲೆಗಳಿದ್ದವೆಂದು ಅವನು ಹೇಳುವ ಮಾತು ಗಮನಾರ್ಹವಾದುದು. ಬಂದರೆಂದರೆ ಸರಕಿನ ಉಗ್ರಾಣ ಮಾತ್ರವಲ್ಲ, ವಿದ್ಯೆಯ ನೆಲೆಯೂ ಆಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಮುಂದೆ ವಿಜಯನಗರದ ಅಧೀನದಲ್ಲಿ ಗೇರುಸೊಪ್ಪೆಯ ಸಾಳುವ ಅರಸರು ಈ ಪ್ರದೇಶವನ್ನು ಆಳಿದರು. ಜೈನ ಮತಾವಲಂಬಿಗಳಾದ ಈ ಅರಸರ ವೈಭವಕ್ಕೆ ಗೇರುಸೊಪ್ಪೆಯ ಕಾಡಿನ ನಡುವೆ ಇಂದಿಗೂ ನಿಂತಿರುವ ಚತುರ್ಮುಖ ಬಸದಿಯೇ ಸಾಕ್ಷಿ. ಆ ವೈಭವದ ಮೂಲ ಕಾಳುಮೆಣಸು. ಘಟ್ಟದ ತೋಟಗಳಲ್ಲಿ ಬೆಳೆದ ಮೆಣಸು ಹೆಡಿಗೆಗಳಲ್ಲಿ ಇಳಿದು ಗೇರುಸೊಪ್ಪೆಗೆ ಬಂದು, ಅಲ್ಲಿಂದ ದೋಣಿಗಳಲ್ಲಿ ಶರಾವತಿಯ ಗುಂಟ ಹೊನ್ನಾವರವನ್ನು ಸೇರಿ ಹಡಗನ್ನೇರುತ್ತಿತ್ತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಹೊರಗಿನವರ ಕಣ್ಣು ಯಾವುದರ ಮೇಲಿತ್ತೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಪೋರ್ಚುಗೀಸರಿಗೂ ಹೊನ್ನಾವರಕ್ಕೂ ಮೊದಲ ಸಂಬಂಧ ಒದಗಿದ್ದು ಬೆಂಕಿಯ ಮೂಲಕ. ೧೫೦೫ರಲ್ಲಿ ಪ್ರಥಮ ರಾಜಪ್ರತಿನಿಧಿಯಾದ ಫ್ರಾನ್ಸಿಸ್ಕೊ ದ ಅಲ್ಮೇದನು ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ಕೋಟೆಯೊಂದನ್ನು ಕಟ್ಟಲು ತೊಡಗಿದನು. ಅದೇ ವರ್ಷ ಹೊನ್ನಾವರದ ಮೇಲೆ ದಾಳಿಮಾಡಿ ಬಂದರಿನಲ್ಲಿದ್ದ ಹಡಗುಗಳನ್ನು ಸುಟ್ಟನು. ವಿಚಿತ್ರವೆಂದರೆ ಐದು ವರ್ಷಗಳ ತರುವಾಯ, ೧೫೧೦ರಲ್ಲಿ, ಗೋವೆಯನ್ನು ಹಿಡಿಯುವಂತೆ ಅಲ್ಬುಕರ್ಕನಿಗೆ ಸಲಹೆಯಿತ್ತು ನೆರವಾದವನು ಇದೇ ಹೊನ್ನಾವರದ ನೌಕಾನಾಯಕ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ಇವನು 'ತಿಮೋಜ' ಎಂಬ ಹೆಸರಿನಿಂದ ಪರಿಚಿತನಾಗಿದ್ದಾನೆ. ಕರಾವಳಿಯ ರಾಜಕೀಯವು ನಮ್ಮವರು ಹೊರಗಿನವರು ಎಂಬ ಸರಳರೇಖೆಯಲ್ಲಿ ಸಾಗಲಿಲ್ಲವೆಂಬುದನ್ನು ಅಭ್ಯಾಸಿಗಳು ಆರಂಭದಲ್ಲೇ ನೆನಪಿನಲ್ಲಿಟ್ಟುಕೊಳ್ಳಬೇಕು.

ಕೋಟೆಯ ನಿರ್ಮಾಣ

೧೫೬೫ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರದ ಬಲ ಮುರಿಯಿತು. ಅಲ್ಲಿಯವರೆಗೆ ಈ ತೀರದ ಸಣ್ಣ ಅರಸರ ಹಿಂದೆ ಒಂದು ಸಾಮ್ರಾಜ್ಯದ ನೆರಳಿತ್ತು. ಆ ನೆರಳು ಸರಿದ ಕೂಡಲೇ ಪೋರ್ಚುಗೀಸರು ಕಾರ್ಯಪ್ರವೃತ್ತರಾದರು. ೧೫೬೮ರಲ್ಲಿ ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿದರು. ೧೫೬೯ರಲ್ಲಿ ರಾಜಪ್ರತಿನಿಧಿ ಲೂಯಿಸ್ ದ ಅತೈದನು ಹೊನ್ನಾವರವನ್ನೂ ಬಸರೂರನ್ನೂ ವಶಪಡಿಸಿಕೊಂಡನು. ಹೀಗೆ ಕೇವಲ ಎರಡು ವರ್ಷಗಳಲ್ಲಿ ಕನ್ನಡ ಕರಾವಳಿಯ ಮೂರು ಮುಖ್ಯ ಬಂದರುಗಳ ಬಾಯಿಗೆ ಮೂರು ಕೋಟೆಗಳ ಬೀಗ ಬಿತ್ತು.

ಈ ಕೋಟೆಗಳ ಉದ್ದೇಶ ರಾಜ್ಯವಿಸ್ತಾರವಲ್ಲ. ಗೋಡೆಯಾಚೆಗಿನ ಒಂದು ಹಳ್ಳಿಯನ್ನಾದರೂ ಆಳುವ ಶಕ್ತಿ ಅವರಿಗೆ ಇಲ್ಲಿ ಇರಲಿಲ್ಲ. ಸಮುದ್ರದ ಮೇಲೆ ಸಂಚರಿಸುವ ಪ್ರತಿಯೊಂದು ಹಡಗೂ ತಮ್ಮಿಂದ 'ಕಾರ್ತಾಜ್' ಎಂಬ ರಹದಾರಿ ಚೀಟಿಯನ್ನು ಪಡೆಯಬೇಕೆಂದು ಅವರು ವಿಧಿಸಿದ್ದರು. ಮೆಣಸು ತಮಗೇ, ತಾವು ಹೇಳಿದ ಬೆಲೆಗೇ ದೊರೆಯಬೇಕೆಂಬುದು ಅವರ ಅಪೇಕ್ಷೆ. ಇದರ ಜೊತೆಗೆ ಇನ್ನೊಂದು ಅಗತ್ಯವೂ ಇತ್ತು. ಚರಿತ್ರೆಯ ಪಠ್ಯಗಳಲ್ಲಿ ಅದು ಮೆಣಸಿನಷ್ಟು ಪ್ರಚಾರ ಪಡೆದಿಲ್ಲ. ಗೋವೆಯ ನೆಲ ಅಲ್ಲಿಯ ಜನಕ್ಕೆ ಬೇಕಾಗುವಷ್ಟು ಅಕ್ಕಿಯನ್ನು ಬೆಳೆಯುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಕನ್ನಡ ಜಿಲ್ಲೆಯ ಗದ್ದೆಗಳು. ಮೆಣಸು ಲಿಸ್ಬನ್ನಿನ ಬೊಕ್ಕಸಕ್ಕೆ. ಅಕ್ಕಿ ಗೋವೆಯ ಹೊಟ್ಟೆಗೆ. ಮೊದಲನೆಯದು ತಪ್ಪಿದರೆ ಲಾಭ ಹೋಗುತ್ತಿತ್ತು, ಎರಡನೆಯದು ತಪ್ಪಿದರೆ ಜೀವವೇ ಹೋಗುತ್ತಿತ್ತು.

ಕೋಟೆ ಕಟ್ಟಿದ ಮರುವರ್ಷವೇ ಅದರ ಪರೀಕ್ಷೆ ನಡೆಯಿತು. ೧೫೭೦-೭೧ರಲ್ಲಿ ಬಿಜಾಪುರ, ಅಹಮದನಗರ ಮತ್ತು ಕಲ್ಲಿಕೋಟೆಯ ಅರಸರು ಪೋರ್ಚುಗೀಸರ ಮೇಲೆ ಏಕಕಾಲದಲ್ಲಿ ತಿರುಗಿಬಿದ್ದಾಗ ಗೇರುಸೊಪ್ಪೆಯ ರಾಣಿಯೂ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿದಳು. ಗೋವೆಯಿಂದ ಸಮುದ್ರಮಾರ್ಗವಾಗಿ ನೆರವು ಬಂದುದರಿಂದ ಕೋಟೆ ಉಳಿಯಿತು. ಕಡಲು ತೆರೆದಿರುವವರೆಗೆ ಭೂಮಿಯ ಕಡೆಯ ಮುತ್ತಿಗೆ ಫಲಿಸದೆಂಬ ಪಾಠವನ್ನು ಎರಡು ಪಕ್ಷದವರೂ ಕಲಿತಿರಬೇಕು.

ದೆಲ್ಲಾ ವಾಲೆ ಕಂಡ ಕೋಟೆ

ಈ ಕೋಟೆ ಜೀವಂತವಾಗಿದ್ದಾಗ ಹೇಗಿತ್ತೆಂಬುದನ್ನು ತಿಳಿಯಲು ನಮಗೆ ಒದಗಿರುವ ಅಮೂಲ್ಯ ಆಧಾರ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆಯ ಪತ್ರಗಳು. ೧೬೨೩ರಲ್ಲಿ ಗೋವೆಯಿಂದ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಇವನು ಹೊನ್ನಾವರಕ್ಕೆ ಬಂದಿಳಿದನು. ಇಕ್ಕೇರಿಯ ಅರಸನ ಪರವಾಗಿ ಗೋವೆಗೆ ಹೋಗಿದ್ದ ವಿಠಲ ಶೆಣೈ ಎಂಬ ರಾಯಭಾರಿಯೂ ಇವರ ಜೊತೆಗಿದ್ದನು.

ದೆಲ್ಲಾ ವಾಲೆ ಹೇಳುವಂತೆ ಕೋಟೆಯು ಎತ್ತರವಾದ ಕಲ್ಲುಗುಡ್ಡದ ಮೇಲಿತ್ತು. ಅದರ ವಿಸ್ತಾರ ಸಾಕಷ್ಟು ದೊಡ್ಡದು. ಗೋಡೆಗಳು ಕೆಲಸಕ್ಕೆ ಬರುವಂಥವು, ಆದರೆ ನುರಿತ ಶಿಲ್ಪಿಯ ಕೈಚಳಕ ಅವುಗಳಲ್ಲಿ ಇರಲಿಲ್ಲ. ಕೋಟೆಯ ಅಧಿಪತಿಯಲ್ಲದೆ ಸಂಸಾರವಂದಿಗರಾದ ಪೋರ್ಚುಗೀಸರಲ್ಲಿ ಹೆಚ್ಚಿನವರು ಒಳಗೇ ಒಳ್ಳೆಯ ಮನೆಗಳಲ್ಲಿ ವಾಸವಾಗಿದ್ದರು. ಬಾವಿಗಳಿದ್ದುವು, ತೋಟಗಳಿದ್ದುವು, ಅಗಲವಾದ ಬೀದಿಗಳಿದ್ದುವು. ಮುತ್ತಿಗೆಯ ಕಾಲದಲ್ಲಿ ಊರಿನವರೆಲ್ಲ ಬಂದು ಸೇರಬಹುದಾದಷ್ಟು ದೊಡ್ಡ ಬಯಲೂ ಇತ್ತು. ಸಂತ ಕ್ಯಾಥರೀನಳ ಹಾಗೂ ಸಂತ ಆಂತೋನಿಯ ಹೆಸರಿನ ಎರಡು ಇಗರ್ಜಿಗಳಿದ್ದುವು. ಆದರೆ ಸಾಮಾನ್ಯವಾಗಿ ಇದ್ದವನು ಒಬ್ಬನೇ ಪಾದ್ರಿ.

ಇಷ್ಟನ್ನು ಹೇಳಿ ಅವನು ಕೋಟೆಯ ಹೊರಗಿನ ಪೇಟೆಯ ಮಾತನ್ನೆತ್ತುತ್ತಾನೆ. ಆ ಪೇಟೆ ಬಹಳ ಸಣ್ಣದು. ಊರಿನವರ ಹೊಟ್ಟೆಪಾಡಿಗೆ ತೀರ ಅವಶ್ಯವಾದ ಪದಾರ್ಥಗಳ ಹೊರತು ಅಲ್ಲಿ ಬೇರೇನೂ ದೊರೆಯುತ್ತಿರಲಿಲ್ಲ. ಕೋಟೆಯ ನಿಜವಾದ ದೌರ್ಬಲ್ಯವನ್ನು ಅರಿಯಲು ಈ ಒಂದು ವಾಕ್ಯ ಸಾಕು. ಒಳಗೆ ಬಾವಿಯ ನೀರಿತ್ತು. ಅನ್ನ ಮಾತ್ರ ಹೊರಗಿನಿಂದ ಬರಬೇಕಾಗಿತ್ತು. ಆ ಹೊರಗಿನ ನೆಲ ಆಗ ಯಾರ ಕೈಯಲ್ಲಿತ್ತು? ಗೇರುಸೊಪ್ಪೆಯ ಅರಸುತನ ಹದಿನೇಳನೆಯ ಶತಮಾನದ ಆದಿಯಲ್ಲೇ ಅಳಿದು ಆ ಸೀಮೆಯೆಲ್ಲ ಕೆಳದಿಯ ಹಿರಿಯ ವೆಂಕಟಪ್ಪ ನಾಯಕನ ಅಧೀನವಾಗಿತ್ತು. ಹೊನ್ನಾವರದಿಂದ ದೋಣಿಯೇರಿ ಶರಾವತಿಯ ಸೊಬಗನ್ನು ಮನಸಾರೆ ಹೊಗಳುತ್ತ ಸಾಗಿದ ದೆಲ್ಲಾ ವಾಲೆ, ಗೇರುಸೊಪ್ಪೆಯನ್ನು ಕಂಡದ್ದು ಗಿಡಮರ ಬೆಳೆದು ಹಾಳಾದ ನಗರವಾಗಿ. ಮೆಣಸಿನ ರಾಣಿಯ ರಾಜಧಾನಿ ಎರಡು ದಶಕಗಳೊಳಗೆ ಅರಣ್ಯದ ಪಾಲಾಗಿತ್ತು.

ಇಕ್ಕೇರಿಯಲ್ಲಿ ನಡೆದ ಸಂಧಾನವೂ ಗಮನಾರ್ಹವೇ. ವೆಂಕಟಪ್ಪ ನಾಯಕನು ಜಯಿಸಿದ್ದ ಬಂಗರಾಜನ ಸೀಮೆಯನ್ನು ಮರಳಿ ಕೊಡಿಸಬೇಕೆಂಬುದು ಪೋರ್ಚುಗೀಸರ ಬೇಡಿಕೆಗಳಲ್ಲೊಂದು. ಅದು ಈಡೇರಲಿಲ್ಲ. ಹಿಂದಿನ ವರ್ಷ, ೧೬೨೨ರಲ್ಲಿ, ಅವರು ಪರ್ಷಿಯಾ ಕೊಲ್ಲಿಯ ಹೊರ್ಮುಜನ್ನು ಕಳೆದುಕೊಂಡಿದ್ದರು. ಸಮುದ್ರದ ಮೇಲೆ ಅವರ ಹಿಡಿತ ಸಡಿಲುತ್ತಿದ್ದುದನ್ನು ಇಕ್ಕೇರಿಯ ಆಸ್ಥಾನ ಚೆನ್ನಾಗಿ ಬಲ್ಲದಾಗಿತ್ತು. ಇಕ್ಕೇರಿಯಲ್ಲಿ ತಾನು ಕಂಡ ಜಂಗಮರ ವಿಷಯವನ್ನೂ ಈ ಯಾತ್ರಿಕನು ಕುತೂಹಲದಿಂದ ಬರೆದಿರುವನಾದ್ದರಿಂದ, ವೀರಶೈವ ಸಮಾಜದ ಚರಿತ್ರೆಯನ್ನು ಅಭ್ಯಸಿಸುವವರಿಗೆ ಅವನ ಪತ್ರಗಳು ಬೇರೊಂದು ದೃಷ್ಟಿಯಿಂದಲೂ ಉಪಾದೇಯವಾಗಿವೆ.

ಶಿವಪ್ಪ ನಾಯಕನ ವಿಜಯ

ಕೆಳದಿಯ ಅರಸರಲ್ಲಿ ಅಗ್ರಗಣ್ಯನಾದ ಶಿವಪ್ಪ ನಾಯಕನು ೧೬೪೫ರಿಂದ ೧೬೬೦ರವರೆಗೆ ರಾಜ್ಯವಾಳಿದನು. ಭೂಮಿಯನ್ನು ಅದರ ಗುಣಕ್ಕನುಸಾರವಾಗಿ ವಿಂಗಡಿಸಿ ಕಂದಾಯವನ್ನು ಗೊತ್ತುಪಡಿಸಿದ 'ಶಿವಪ್ಪ ನಾಯಕನ ಶಿಸ್ತು' ಇಂದಿಗೂ ಜನರ ಬಾಯಲ್ಲಿ ಉಳಿದಿದೆ. ಈ ಶಿಸ್ತನ್ನು ವರ್ಣಿಸುವವರು ಅವನ ಕರಾವಳಿಯ ದಂಡಯಾತ್ರೆಯನ್ನು ಬೇರೊಂದು ಅಧ್ಯಾಯದಲ್ಲಿ ಹೇಳುವುದು ವಾಡಿಕೆ. ವಾಸ್ತವವಾಗಿ ಇವೆರಡೂ ಒಂದೇ ನೀತಿಯ ಎರಡು ಮುಖಗಳೆಂದು ತೋರುತ್ತದೆ. ಗದ್ದೆಯಲ್ಲಿ ಬೆಳೆದ ಅಕ್ಕಿಗೆ ಬಂದರಿನಲ್ಲಿ ನ್ಯಾಯವಾದ ಬೆಲೆ ದೊರೆಯದಿದ್ದರೆ ಕಂದಾಯದ ಏರ್ಪಾಡು ಎಷ್ಟೇ ಚೊಕ್ಕವಾಗಿದ್ದರೂ ರೈತನಿಗಾಗಲಿ ಅರಸನಿಗಾಗಲಿ ಅದರಿಂದ ಪೂರ್ಣಫಲ ದೊರೆಯದು. ಹೊಲದಿಂದ ಹಡಗಿನವರೆಗಿನ ದಾರಿಯ ಕೊನೆಯ ಬಾಗಿಲು ಪರರ ಕೈಯಲ್ಲಿತ್ತು.

ಶಿವಪ್ಪ ನಾಯಕನು ಆರಿಸಿಕೊಂಡ ಕಾಲವನ್ನು ಗಮನಿಸಬೇಕು. ಡಚ್ಚರಿಗೂ ಪೋರ್ಚುಗೀಸರಿಗೂ ನಡುವೆ ಇದ್ದ ಕದನವಿರಾಮ ೧೬೫೨ರಲ್ಲಿ ಮುಗಿದು ಸಿಂಹಳದಲ್ಲಿ ಯುದ್ಧ ಮತ್ತೆ ಆರಂಭವಾಗಿತ್ತು. ಗೋವೆಯ ಹಡಗು, ಹಣ, ಸೈನಿಕರೆಲ್ಲ ಅತ್ತ ಕಡೆ ಹರಿಯುತ್ತಿದ್ದರು. ಸಾಲದುದಕ್ಕೆ ೧೬೫೩ರಲ್ಲಿ ಗೋವೆಯಲ್ಲೇ ಒಳಜಗಳವೆದ್ದು ರಾಜಪ್ರತಿನಿಧಿಯನ್ನು ಅವನ ಜನರೇ ಪದಚ್ಯುತಗೊಳಿಸಿದರು. ಈ ಅವಕಾಶದಲ್ಲಿ, ೧೬೫೨ರಿಂದ ೧೬೫೪ರೊಳಗೆ, ಗಂಗೊಳ್ಳಿ, ಬಸರೂರು, ಮಂಗಳೂರು, ಹೊನ್ನಾವರ ಈ ನಾಲ್ಕು ಕೋಟೆಗಳೂ ಕೆಳದಿಯ ವಶವಾದುವು. ೧೫೭೦ರಲ್ಲಿ ಯಾವ ಸಮುದ್ರಮಾರ್ಗ ಹೊನ್ನಾವರವನ್ನು ಉಳಿಸಿತ್ತೋ ಆ ಮಾರ್ಗದಿಂದ ಈ ಸಲ ಸಾಕಷ್ಟು ನೆರವು ಬರಲಿಲ್ಲ. ಗೋಡೆಗಳು ಅವೇ, ಬಾವಿಗಳು ಅವೇ. ಅನ್ನದ ಎರಡು ದಾರಿಗಳೂ ಮುಚ್ಚಿದ್ದವು ಅಷ್ಟೆ.

ಕೋಟೆ ಹೋದ ಮೇಲೂ ಗೋವೆಗೆ ಅಕ್ಕಿ ಬೇಕಾಗಿಯೇ ಇತ್ತು. ಕೆಳದಿಗೆ ಅಕ್ಕಿಯ ಗಿರಾಕಿಯೂ ಬೇಕಾಗಿದ್ದನು. ೧೬೭೧ರಲ್ಲಿಯೂ, ಮತ್ತೆ ಚೆನ್ನಮ್ಮಾಜಿಯ ಕಾಲದಲ್ಲಿ ೧೬೭೮ರಲ್ಲಿಯೂ ಒಪ್ಪಂದಗಳಾದುವು. ವ್ಯಾಪಾರದ ಕೋಠಿಗಳನ್ನು ನಡೆಸಲು, ಕ್ರೈಸ್ತ ಪ್ರಜೆಗಳಿಗಾಗಿ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಅನುಮತಿ ದೊರೆಯಿತು. ಹಳೆಯ ಕೋಟೆಗಳು ಮಾತ್ರ ಮರಳಿ ದೊರೆಯಲಿಲ್ಲ. ವ್ಯಾಪಾರಕ್ಕೆ ಬಾಗಿಲು ತೆರೆದಿಟ್ಟು ದಬ್ಬಾಳಿಕೆಗೆ ಮುಚ್ಚಿದ ಈ ನೀತಿಯಲ್ಲಿ ಕೆಳದಿಯ ಅರಸರ ವಿವೇಕ ವ್ಯಕ್ತವಾಗುತ್ತದೆ. ಹಾಗೆಂದು ಮುಂದೆ ಘರ್ಷಣೆಯೇ ನಡೆಯಲಿಲ್ಲವೆಂದಲ್ಲ. ೧೭೧೩ರಲ್ಲಿ ಗೋವೆಯ ನೌಕಾಪಡೆ ಕೆಳದಿಯ ತೀರದ ಮೇಲೆ ದಾಳಿ ನಡೆಸಿ ಬಹಳ ಹಾನಿ ಮಾಡಿತು. ೧೭೧೪ರಲ್ಲಿ ಮತ್ತೆ ಒಪ್ಪಂದವಾಯಿತು. ಈ ಕದನದ ಕಾಲದಲ್ಲಿ ಕೆಳದಿಯ ಸಿಂಹಾಸನದಲ್ಲಿದ್ದವನು, ೧೭೦೯ರಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ಬಸವಪ್ಪ ನಾಯಕನೇ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಸಕ್ತಿಯ ವಿಷಯ.

ಹೈದರ್, ಟಿಪ್ಪು ಮತ್ತು ಇಂಗ್ಲಿಷರು

೧೭೬೩ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದಾಗ ಕೆಳದಿಯ ಕರಾವಳಿಯೂ ಅವನ ಕೈಸೇರಿತು. ನೌಕಾಬಲದ ಮಹತ್ವವನ್ನರಿತಿದ್ದ ಹೈದರನು ಹೊನ್ನಾವರದಲ್ಲಿ ಯುದ್ಧನೌಕೆಗಳನ್ನು ಕಟ್ಟಿಸತೊಡಗಿದನು. ಇದನ್ನು ಸಹಿಸದ ಮುಂಬಯಿಯ ಇಂಗ್ಲಿಷರು ೧೭೬೮ರಲ್ಲಿ ಮಂಗಳೂರನ್ನೂ ಹೊನ್ನಾವರವನ್ನೂ ಬಸವರಾಜದುರ್ಗವನ್ನೂ ಹಿಡಿದರು. ಕೆಲವೇ ತಿಂಗಳುಗಳಲ್ಲಿ ಹೈದರನು ಅವನ್ನು ಮರಳಿ ಪಡೆದನು.

ಕೋಟೆಯ ಚರಿತ್ರೆಯ ಅತ್ಯಂತ ದಾರುಣವಾದ ಅಧ್ಯಾಯ ೧೭೮೩ರದು. ಆ ವರ್ಷದ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಸೇನೆ ಹೊನ್ನಾವರವನ್ನು ಲಗ್ಗೆಯಿಂದ ಹಿಡಿಯಿತು. ಆ ಸಂದರ್ಭದಲ್ಲಿ ನಡೆದ ಕೊಲೆ ಮತ್ತು ಸುಲಿಗೆ ಇಂಗ್ಲಿಷರಿಗೂ ಅಪಕೀರ್ತಿಯನ್ನು ತಂದಿತು. ಏಪ್ರಿಲ್ ತಿಂಗಳ ಕೊನೆಗೆ ಟಿಪ್ಪು ಬಿದನೂರನ್ನು ಹಿಂದಕ್ಕೆ ಪಡೆದು ಮ್ಯಾಥ್ಯೂಸನನ್ನು ಸೆರೆಹಿಡಿದನು. ಮೇ ತಿಂಗಳಲ್ಲಿ ಲುತ್ಫ್ ಅಲಿ ಬೇಗನ ನೇತೃತ್ವದ ಮೈಸೂರಿನ ಸೇನೆ ಹೊನ್ನಾವರವನ್ನು ಮುತ್ತಿತು. ಒಳಗೆ ಕ್ಯಾಪ್ಟನ್ ಟೋರಿಯಾನೊ ಎಂಬ ಅಧಿಕಾರಿಯ ಕೈಕೆಳಗೆ ಸಣ್ಣದೊಂದು ಪಡೆ; ಅದರ ಜೊತೆಗೆ ಹೋರಾಡಲಾರದ ಬಹುಸಂಖ್ಯೆಯ ಜನ.

ಮುತ್ತಿಗೆ ಆರಂಭವಾದುದು ಮುಂಗಾರಿನ ಹೊಸ್ತಿಲಲ್ಲಿ. ಮಳೆಗಾಲದಲ್ಲಿ ಈ ತೀರದ ಅಳಿವೆಗಳು ಹೇಗೆ ಮುಚ್ಚಿಹೋಗುತ್ತವೆಂಬುದನ್ನು ಕರಾವಳಿಯವರು ಬಲ್ಲರು. ನೂಲಹುಣ್ಣಿಮೆಯಂದು ಸಮುದ್ರಪೂಜೆ ಮಾಡಿ ತೆಂಗಿನಕಾಯಿ ಅರ್ಪಿಸುವವರೆಗೆ ಬೆಸ್ತರು ಕಡಲಿಗಿಳಿಯದ ಸಂಪ್ರದಾಯ ಹುಟ್ಟಿದುದೇ ಇದರಿಂದ. ಹೊರಗಿನ ನೆರವು ಬರುವಂತಿರಲಿಲ್ಲ. ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಕದನವಿರಾಮವಾದಾಗ ಹೊನ್ನಾವರದಲ್ಲೂ ಗುಂಡು ನಿಂತಿತು, ಆದರೆ ಸಂಕಟ ನಿಲ್ಲಲಿಲ್ಲ. ಆಹಾರದ ಅಭಾವ, ರಕ್ತಭೇದಿ, ಸೊಪ್ಪು ಹಣ್ಣುಗಳಿಲ್ಲದೆ ಒಸಡು ಕೊಳೆಯುವ ರೋಗ ಇವುಗಳಿಂದ ಸತ್ತವರು ಬಹಳ. ಒಳಗಿದ್ದವರಲ್ಲಿ ಹೆಚ್ಚಿನವರು ಕಂಪನಿಯ ಸೇವೆಯಲ್ಲಿದ್ದ ಈ ನಾಡಿನ ಸಿಪಾಯಿಗಳು, ಅವರ ಹೆಂಡಿರು ಮಕ್ಕಳು. ಹೊರಗೆ ಮಳೆಯಲ್ಲಿ ನೆನೆಯುತ್ತ ಕಾದವರೂ ಈ ನಾಡಿನವರೇ. ೧೭೮೪ರ ಮಾರ್ಚ್ ೧೧ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿಯಾದ ಮೇಲೆ ಕೋಟೆಯನ್ನು ಟಿಪ್ಪುವಿಗೆ ಬಿಟ್ಟುಕೊಡಲಾಯಿತು. ಈ ಮುತ್ತಿಗೆಯ ವೃತ್ತಾಂತ ೧೮೧೩ರಲ್ಲಿ ಪ್ರಕಟವಾದ ಜೇಮ್ಸ್ ಫೋರ್ಬ್ಸನ ಸ್ಮೃತಿಗ್ರಂಥದಲ್ಲಿ ಸೇರಿದೆ. ಅದು ಇಂಗ್ಲಿಷ್ ಅಧಿಕಾರಿಯ ಶೌರ್ಯವನ್ನು ಮೆರೆಸಲು ಬರೆದುದೆಂಬುದನ್ನು ಮರೆಯದೆ ಓದಬೇಕು. ಹಾಗೆ ಓದಿದರೂ ಅದರ ಪುಟಪುಟದಲ್ಲಿ ಕಾಣುವುದು ಹಸಿವೇ.

ಮರಳಿ ದೊರೆತ ಹೊನ್ನಾವರ ಶತ್ರುವಿಗೆ ಪುನಃ ಉಪಯೋಗವಾಗಬಾರದೆಂದು ಟಿಪ್ಪು ಅದನ್ನು ನಾಶಪಡಿಸಿದನು. ೧೭೯೯ರಲ್ಲಿ ಕನ್ನಡ ಜಿಲ್ಲೆ ಇಂಗ್ಲಿಷರದಾಯಿತು. ೧೮೦೧ರಲ್ಲಿ ಬಂದ ಬುಕಾನನ್ನನಿಗೆ ಕಂಡದ್ದು, ಹಿಂದೆ ದೊಡ್ಡ ವ್ಯಾಪಾರಸ್ಥಳವಾಗಿದ್ದು ಹಾಳಾದ ಊರು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಸರಕಾರದ ಗಮನವೆಲ್ಲ ಕಾರವಾರದ ಕಡೆ ಹರಿಯಿತು. ಕಾಯಲು ಏನೂ ಉಳಿಯದ ಕೋಟೆಯನ್ನು ಕಾಯುವವರೂ ಉಳಿಯಲಿಲ್ಲ.

ಉಳಿದದ್ದೇನು?

ಪೋರ್ಚುಗೀಸರು ಈ ಕೋಟೆಯಲ್ಲಿದ್ದುದು ಸುಮಾರು ೮೫ ವರ್ಷ. ಅವರು ಕಟ್ಟಿದ ಗೋಡೆ ನೆಲಕ್ಕೊರಗಿದೆ. ಅವರ ಭಾಷೆಯ ಮೇಜು, ಚಾವಿ, ಪಾದ್ರಿ, ಪಗಾರ, ಬಟಾಟೆಗಳು ಕನ್ನಡದಲ್ಲಿ ಗಟ್ಟಿಯಾಗಿ ನಿಂತಿವೆ. ಕಾಳುಮೆಣಸಿಗಾಗಿ ಬಂದವರು ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಈ ದೇಶಕ್ಕೆ ತಂದರು. ನಮ್ಮವರು ಅದಕ್ಕೆ ಮೆಣಸಿನ ಹೆಸರನ್ನೇ ಇಟ್ಟು ಅಡುಗೆಮನೆಗೆ ಸೇರಿಸಿಕೊಂಡರು. ಬಲಾತ್ಕಾರದಿಂದ ಹೇರಿದ್ದು ಅಳಿದು, ಜನ ಒಪ್ಪಿ ಸ್ವೀಕರಿಸಿದ್ದು ಉಳಿದಿದೆ.

ಈ ಕೋಟೆಯ ಚರಿತ್ರೆಯನ್ನು ಇಷ್ಟರವರೆಗೆ ಬಹುಮಟ್ಟಿಗೆ ಬರೆದಿರುವುದು ಗೋವೆಯ ದಫ್ತರಗಳು, ಇಟಲಿಯ ಯಾತ್ರಿಕನ ಪತ್ರಗಳು ಮತ್ತು ಇಂಗ್ಲಿಷ್ ಅಧಿಕಾರಿಗಳ ವರದಿಗಳು. ನಮ್ಮ ಕಡೆಯಿಂದ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ವಿದೆ. ಕಾವ್ಯವೆಂದು ಓದುವವರು ಅದರಲ್ಲಿನ ಚರಿತ್ರಾಂಶವನ್ನೂ, ಚರಿತ್ರೆಯೆಂದು ಓದುವವರು ಅದರ ಚಂಪೂಮಾರ್ಗದ ಕಾವ್ಯಾಂಶವನ್ನೂ ಕಡೆಗಣಿಸುವುದುಂಟು. ಹೊರಗಿನವರ ದಾಖಲೆಗಳನ್ನೂ ನಮ್ಮ ಕೃತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸಕ್ಕೆ ಕನ್ನಡ ಬಲ್ಲ ತರುಣ ಅಭ್ಯಾಸಿಗಳು ಇನ್ನೂ ಹೆಚ್ಚಾಗಿ ಮುಂದೆ ಬರಬೇಕು. ಮನೆಗಳಲ್ಲಿ, ಮಠಮಂದಿರಗಳಲ್ಲಿ ಉಳಿದಿರಬಹುದಾದ ಕಡತ, ಬಹಿ, ಸನ್ನದುಗಳಲ್ಲಿ ಅಕ್ಕಿಯ ದರ, ದೋಣಿಯ ಬಾಡಿಗೆ, ಬಂದರಿನ ಸುಂಕದ ಲೆಕ್ಕಗಳು ಇದ್ದರೆ ಅವು ಯುದ್ಧವರ್ಣನೆಗಳಿಗಿಂತ ಕಡಮೆ ಬೆಲೆಯವಲ್ಲ. ಏಕೆಂದರೆ ಈ ಕೋಟೆಯ ಏಳುಬೀಳುಗಳನ್ನು ನಿರ್ಣಯಿಸಿದ್ದು ಆ ಲೆಕ್ಕಗಳೇ.

ದುರ್ಗದ ಬಲವನ್ನು ಹೇಳುವಾಗ ನಮ್ಮ ಹಿಂದಿನ ನೀತಿಶಾಸ್ತ್ರಕಾರರು ಗೋಡೆ ಕಂದಕಗಳೊಡನೆ ಧಾನ್ಯಸಂಗ್ರಹವನ್ನೂ ತಪ್ಪದೆ ಹೇಳಿದರು. ಹೊನ್ನಾವರದ ಪಾಳುಕೋಟೆ ಆ ಮಾತಿಗೆ ಕಲ್ಲಿನಲ್ಲಿ ಬರೆದ ವ್ಯಾಖ್ಯಾನದಂತಿದೆ. ಸುತ್ತಲಿನ ನೆಲದ ಜನರೊಡನೆ ಬಾಳುವೆಯ ಸಂಬಂಧವನ್ನು ಬೆಳೆಸದೆ ಅವರ ಬೆಳೆಯನ್ನು ಮಾತ್ರ ಬಯಸಿದ ಅಧಿಕಾರ, ಎಷ್ಟು ಎತ್ತರದ ಗುಡ್ಡದ ಮೇಲೆ ಕುಳಿತರೂ, ಕಡಲೊಂದು ಮುಚ್ಚಿದ ದಿನ ನಿರಾಶ್ರಿತವಾಗುತ್ತದೆ. ಈ ಸಂಗತಿಯನ್ನು ತಿಳಿದು ನೋಡುವವರಿಗೆ ಅಲ್ಲಿಯ ಗಿಡಗಂಟಿಗಳ ನಡುವಿನ ಕಲ್ಲುಗಳು ಬರಿಯ ಕಲ್ಲುಗಳಾಗಿ ಕಾಣಲಾರವು.